ಹೆಬ್ಬೆರಳಿಗೆ ತಗ್ಗುವಷ್ಟು ಗಾಳಿ

ಆ ಸೈಕಲ್ಲಿನ ಜೊತೆ ಬಂದಿದ್ದ ಕೈಪಿಡಿಯಲ್ಲಿ ಕೆಸರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಿಮದ ಬಗ್ಗೆ ಎರಡು ಪುಟ ಇತ್ತು. ನಾನು ಹಿಮ ನೋಡಿದವಳಲ್ಲ. ಆದರೂ ಆ ಎರಡು ಪುಟಗಳನ್ನು ಎಷ್ಟು ಸಲ ಓದಿದ್ದೆನೆಂದರೆ ಈಗಲೂ ಪುಸ್ತಕ ನೋಡದೆ ಹೇಳಬಲ್ಲೆ. ಆಳವಾದ ಹಿಮದಲ್ಲಿ ಗಟ್ಟಿ ಟೈರು ಕೆಳಗೆ ಕೊರೆದುಕೊಂಡು ಹೋಗುತ್ತದೆ, ಇಲ್ಲವೇ ಜಾರುತ್ತದೆ. ಮೆತ್ತಗಿನ ಟೈರು ಅಗಲವಾಗಿ ಹರಡಿಕೊಂಡು ಮೇಲೆ ನಿಲ್ಲುತ್ತದೆ. ಸವಾರ ಕೂತಾಗ ಟೈರಿನ ಪಕ್ಕೆಯಲ್ಲಿ ಸಣ್ಣ ಸುಕ್ಕು ಕಾಣಬೇಕು. ಕಾಣದಿದ್ದರೆ ಇನ್ನಷ್ಟು ಗಾಳಿ ಬಿಡಬೇಕು. ಪಕ್ಕದಲ್ಲಿ ಒಂದು ಚಿತ್ರ: ಬೆಳ್ಳಗಿನ ಬಯಲು, ಅದರ ಮೇಲೆ ಅಗಲವಾದ ಒಂದೇ ಒಂದು ಗೆರೆ.

ನನಗೆ ಬೇಕಾಗಿದ್ದದ್ದು ಕೆಂಪು ಕೆಸರಿನ ಮೇಲೆ ಅಂಥದ್ದೊಂದು ಗೆರೆ.

ಅಪ್ಪ ಹೊಂಗಡಹಳ್ಳದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಸ್ಟೋರಿನ ಬೀಗ, ಕೆಲಸದ ಹಂಚಿಕೆ ಎಲ್ಲ ಅವರದು. ಆದರೆ ಅವರು ತಮ್ಮದು ಎಂದುಕೊಂಡಿದ್ದು ಮಳೆ ಪುಸ್ತಕವನ್ನು ಮಾತ್ರ. ನಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಮಳೆ ಮಾಪಕದೊಳಗಿನ ಕ್ಯಾನನ್ನು ತೆಗೆದು, ಅದರ ನೀರನ್ನು ಗೀಟು ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಅಲ್ಲೇ ಬರೆಯಬೇಕು. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಅಪ್ಪ ಕೆಲಸಕ್ಕೆ ಸೇರಿದಂದಿನಿಂದ ಇಪ್ಪತ್ತೊಂಬತ್ತು ವರ್ಷ ಒಂದು ಸಾಲೂ ಖಾಲಿ ಇರಲಿಲ್ಲ. ಅಮ್ಮ ತೀರಿಕೊಂಡ ದಿನ, ನಾನಾಗ ಪಿಯುಸಿಯಲ್ಲಿದ್ದೆ, ನೆಂಟರು ಬರುವ ಮೊದಲು ಅಪ್ಪ ಗುಡ್ಡ ಹತ್ತಿ ಹೋಗಿ ಓದಿಕೊಂಡು ಬಂದಿದ್ದರು. ಆ ದಿನದ ಸಾಲಿನಲ್ಲಿ ಇಪ್ಪತ್ತೆರಡು ಸೆಂಟು ಎಂದಿದೆ. ಅದನ್ನು ಬಹಳ ವರ್ಷ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಅವರಿಗೆ ಹೇಳಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಉಳಿಯಿತು, ನಿಧಾನವಾಯಿತು. ಹಾಸನದ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವರು ಮೊದಲು ಕೇಳಿದ್ದು ಬೆಳಿಗ್ಗೆಯದನ್ನು ಯಾರು ಓದಿದರು ಎಂದು. ನಾನು ಓದಿ ಬಂದಿದ್ದೆ. ಚಿಕ್ಕವಳಿದ್ದಾಗ ಅವರೇ ಕಲಿಸಿದ್ದು. ಬೇರೆ ಯಾರನ್ನೂ ಅವರು ನಂಬುತ್ತಿರಲಿಲ್ಲ. ಒಮ್ಮೆ ಮೇಲಿನ ಕಾವಲುಗಾರ ಓದಿದ್ದು ಐದು ಸೆಂಟು ಹೆಚ್ಚಾಗಿತ್ತು, ಗಾಜಿನ ಅಂಚಿಗೆ ಏರಿ ನಿಂತ ನೀರನ್ನು ಅವನು ಲೆಕ್ಕಕ್ಕೆ ಹಿಡಿದಿದ್ದ ಎಂಬುದನ್ನು ಅಪ್ಪ ಹತ್ತು ವರ್ಷ ಹೇಳಿದ್ದರು.

ಮುಂದಿನ ಮಾರ್ಚಿಗೆ ಅವರ ಕೆಲಸ ಮುಗಿಯುತ್ತಿತ್ತು. ಮೂವತ್ತು ವರ್ಷದ ಪುಸ್ತಕಗಳನ್ನು, ಒಂದೂ ಖಾಲಿ ಸಾಲಿಲ್ಲದಂತೆ, ಯಜಮಾನರ ಕೈಗೆ ಕೊಟ್ಟು ಬರಬೇಕು ಎಂಬುದೊಂದೇ ಅವರ ಆಸೆ. ದೀಪಾವಳಿಯ ಹೊತ್ತಿಗೆ ನಾನೇ ಹತ್ತುತ್ತೇನೆ, ಅಲ್ಲಿಯವರೆಗೆ ನೀನು ನೋಡಿಕೋ ಎಂದರು. ಇನ್ನು ಗುಡ್ಡ ಹತ್ತಲಾರರು ಎಂದು ಡಾಕ್ಟರು ನನ್ನೊಬ್ಬಳಿಗೇ ಹೇಳಿದ್ದನ್ನು ನಾನು ಅವರಿಗೆ ಹೇಳಲಿಲ್ಲ. ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿದೆ.

ಮಾಪಕ ಇರುವುದು ಮೇಲಿನ ಡಿವಿಜನ್ನಿನ ಹುಲ್ಲುಬಯಲಿನಲ್ಲಿ, ನಮ್ಮ ಕ್ವಾರ್ಟರ್ಸಿನಿಂದ ಎರಡೂವರೆ ಕಿಲೋಮೀಟರ್ ಮೇಲೆ. ಮೇ ತಿಂಗಳು ಜೀಪಿನಲ್ಲಿ ಹೋಗಿ ಬಂದೆ. ಜೂನ್ ಎರಡನೆಯ ವಾರ ಧರೆ ಕುಸಿದು ಎಸ್ಟೇಟಿನ ರಸ್ತೆಯ ಒಂದು ಭಾಗದ ಮೇಲೆ ಮಣ್ಣು ಹರಡಿಕೊಂಡಿತು. ಜೀಪು ನಿಂತಿತು. ಮಳೆ ಬಿಡುವವರೆಗೆ ಯಂತ್ರ ತಂದು ಪ್ರಯೋಜನವಿಲ್ಲ ಎಂದರು. ನಡೆದರೆ ಕಾಲು ಮೀನಖಂಡದವರೆಗೆ ಹೂತು, ಒಂದೊಂದು ಹೆಜ್ಜೆಯನ್ನೂ ಕಿತ್ತು ತೆಗೆಯಬೇಕು. ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ. ನಾನು ಸಕಲೇಶಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಬಸ್ಸು ಒಂಬತ್ತೂಕಾಲಿಗೆ. ಎಂಟಕ್ಕೆ ಮೇಲೆ ಇದ್ದು ಒಂಬತ್ತಕ್ಕೆ ಕೆಳಗೆ ಇರಬೇಕು. ನಡೆದು ಅದು ಸಾಧ್ಯವಿರಲಿಲ್ಲ.

ಯಜಮಾನರ ಮನೆಯವರು ಮೂಲತಃ ಮಂಗಳೂರಿನ ಕಡೆಯ ಕ್ರೈಸ್ತರು. ಪ್ರವಾಸಿಗರಿಗೆಂದು ಹೋಮ್‌ಸ್ಟೇ ಮಾಡಿದಾಗ ಎರಡು ದಪ್ಪ ಟೈರಿನ ಸೈಕಲ್ ತರಿಸಿದ್ದರು. ಒಂದು ಮುರಿದಿತ್ತು, ಇನ್ನೊಂದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಗೋಡೆಗೆ ಒರಗಿ ನಿಂತಿತ್ತು. ಕೇಳಲು ಮೂರು ದಿನ ಹಿಂಜರಿದೆ, ಬಸ್ಸು ತಪ್ಪಿಸಿಕೊಂಡು ನಡೆದೇ ಓದಿ ಬಂದೆ. ಕೇಳಿದಾಗ ಯಜಮಾನರ ಹೆಂಡತಿ, ನಮಗೆಲ್ಲ ಅಮ್ಮಾವ್ರು, ನಕ್ಕರು.

"ತಗೊಂಡು ಹೋಗು ಮಾರಾಯ್ತಿ, ಇಲ್ಲಿ ತುಕ್ಕು ಹಿಡೀತಾ ಉಂಟು. ಬೀಳಬೇಡ ಮಾತ್ರ. ನಿನ್ನ ಅಪ್ಪನಿಗೆ ನಾನು ಉತ್ತರ ಹೇಳ್ಬೇಕಾಗ್ತದೆ."

ಟೈರು ನಾಲ್ಕು ಇಂಚು ಅಗಲ. ಅದನ್ನು ಹೆತ್ತೂರಿನ ಪಂಚರ್ ಅಂಗಡಿಗೆ ಪಿಕಪ್‌ನಲ್ಲಿ ಹಾಕಿಸಿಕೊಂಡು ಹೋದೆ. ಅಂಗಡಿಯವನು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ.

"ಏನ್ ಮೇಡಂ, ಸೈಕಲ್ಗೆ ಟ್ರ್ಯಾಕ್ಟರ್ ಟೈರ್ ಹಾಕ್ಸಿದೀರಾ?"

ಹಳೆಯ ಟ್ಯೂಬುಗಳು ಮಡಿಕೆಯಲ್ಲಿ ಸೀಳಿದ್ದವು. ಆ ಅಳತೆಯ ಟ್ಯೂಬು ಅವನಲ್ಲಿರಲಿಲ್ಲ. ಹಾಸನದಿಂದ ತರಿಸಿ ಹಾಕಿ, ರೂಢಿಯಂತೆ ಗಾಳಿ ತುಂಬಿ, ಬೆರಳ ಗೆಣ್ಣಿನಿಂದ ಟೈರನ್ನು ತಟ್ಟಿ ತೋರಿಸಿದ. ಟಣ್ ಎಂದಿತು. ನಾನು ಅರ್ಧಕ್ಕಿಂತ ಹೆಚ್ಚು ಗಾಳಿ ತೆಗೆಯಲು ಹೇಳಿದೆ. ಅವನು ನನ್ನ ಮುಖ ನೋಡಿದ.

"ಗಾಳಿ ಹಾಕಿ ಅನ್ನೋರ್ನ ದಿನಾ ನೋಡ್ತೀನಿ. ತೆಗೀರಿ ಅನ್ನೋರ್ನ ಇವತ್ತೇ ನೋಡಿದ್ದು ಕಣ್ರೀ."

ಆಗ ನಾನು ವಿವರಿಸಿದೆ. ಹಿಮದ ವಿಷಯ, ಭಾರ ಹರಡುವ ವಿಷಯ, ಗಟ್ಟಿ ಟೈರಿಗೆ ಕೆಸರಿನ ಮೇಲೆ ಹಿಡಿತ ಏಕೆ ಸಿಗುವುದಿಲ್ಲ ಎಂಬ ವಿಷಯ. ಕೈಪಿಡಿ ತೆಗೆದು ಚಿತ್ರ ತೋರಿಸಿದೆ. ಅವನ ಮೀಟರಿನಲ್ಲಿ ಹತ್ತು ಪೌಂಡಿನ ಕೆಳಗೆ ಗೀಟೇ ಇರಲಿಲ್ಲ. ನನಗೆ ಬೇಕಾದದ್ದು ಅದರ ಅರ್ಧ. ಇಬ್ಬರೂ ಸೇರಿ ಬಿಟ್ಟು, ಒತ್ತಿ, ಮತ್ತೆ ಬಿಟ್ಟು ನೋಡಿದೆವು. ಇಷ್ಟು ಕಡಿಮೆ ಗಾಳಿಯಲ್ಲಿ ರಿಮ್ಮಿನ ಮೇಲೆ ಟೈರು ಸರಿದರೆ ವಾಲ್ವಿನ ಬುಡದಲ್ಲಿ ಟ್ಯೂಬು ಹರಿಯುತ್ತದೆ ಎಂದು ಅವನೇ ಹೇಳಿ, ಟೈರು ಮತ್ತು ರಿಮ್ಮಿಗೆ ಸೇರುವಂತೆ ಬಿಳಿ ಬಣ್ಣದ ಗುರುತು ಎಳೆದುಕೊಟ್ಟ. ಗುರುತು ಬೇರೆ ಬೇರೆಯಾದರೆ ಟೈರು ಸರಿದಿದೆ ಎಂದರ್ಥ. ಕೆಸರು ಸಿಕ್ಕಿಕೊಳ್ಳುತ್ತದೆ ಎಂದು ಮಡ್‌ಗಾರ್ಡುಗಳನ್ನೂ ಬಿಚ್ಚಿದ. ಆ ಇಡೀ ತಿಂಗಳಲ್ಲಿ ನಾನು ಯಾರೊಂದಿಗಾದರೂ ಅಷ್ಟು ಹೊತ್ತು ಮಾತಾಡಿದ್ದು ಅದೊಂದೇ ಸಲ.

ಮನೆಗೆ ಬಂದ ಮೇಲೆ ನನ್ನದೇ ಒಂದು ಅಳತೆ ಮಾಡಿಕೊಂಡೆ. ಸೈಕಲ್ಲನ್ನು ಜಗಲಿಯ ಗೋಡೆಗೆ ಒರಗಿಸಿ, ಸೀಟಿನ ಮೇಲೆ ಕೂತು, ಚಕ್ರದ ನಡುವಿನ ನಟ್ಟು ಎಲ್ಲಿಯವರೆಗೆ ಇಳಿಯಬೇಕೋ ಅಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಹಿಂದಿನ ಚಕ್ರಕ್ಕೆ ಒಂದು, ಮುಂದಿನದಕ್ಕೆ ಅದಕ್ಕಿಂತ ಸ್ವಲ್ಪ ಕೆಳಗೆ ಇನ್ನೊಂದು. ನಟ್ಟು ಗೆರೆಗೆ ಬಂದರೆ ಗಾಳಿ ಸರಿ. ಹೊರಡುವ ಮೊದಲು ದಿನಾ ನೋಡುತ್ತಿದ್ದೆ. ಅಪ್ಪ ಅಲ್ಲೇ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮೂರನೆಯದೋ ನಾಲ್ಕನೆಯದೋ ದಿನ ಕೇಳಿದರು.

"ಆ ಗೆರೆ ಏನು?"

"ಸುಮ್ನೆ. ಅಳತೆಗೆ," ಎಂದೆ.

ಅವರು ಮತ್ತೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಒಬ್ಬರು ಹೇಳದ್ದನ್ನು ಇನ್ನೊಬ್ಬರು ಎರಡನೆಯ ಸಲ ಕೇಳುವ ಪದ್ಧತಿ ಇರಲಿಲ್ಲ.

ಕೈಪಿಡಿ ಹೇಳಿದ್ದು ನಿಜವಾಯಿತು. ಟೈರು ಕೆಸರಿನ ಮೇಲೆ ಹರಡಿ ನಿಂತು, ನಿಧಾನವಾಗಿ, ನಾಯಿ ನೆಕ್ಕಿದಂಥ ಸದ್ದು ಮಾಡುತ್ತಾ ದಾಟುತ್ತಿತ್ತು. ಕುಸಿದ ಮಣ್ಣಿನ ಮೇಲೆ ತಿರುವು ತೆಗೆದುಕೊಳ್ಳಬಾರದು, ಬ್ರೇಕು ಹಿಡಿಯಬಾರದು, ಎದ್ದು ನಿಂತು ತುಳಿಯಬಾರದು. ಇವೆಲ್ಲ ಹಿಮದ ನಿಯಮಗಳೇ. ಮೇಲಕ್ಕೆ ಇಪ್ಪತ್ತೈದು ನಿಮಿಷ, ಕೆಳಕ್ಕೆ ಹದಿನೈದು. ಗಾಜಿನ ಲೋಟವನ್ನು ಟವೆಲಿನಲ್ಲಿ ಸುತ್ತಿ ಬೆನ್ನ ಚೀಲದಲ್ಲಿಟ್ಟುಕೊಂಡು, ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಲೋಟವನ್ನು ಮೇಲೆ ಬಿಟ್ಟು ಬರಲು ಅಪ್ಪ ಒಪ್ಪಿರಲಿಲ್ಲ. ಕಾವಲುಗಾರ ಅದರಲ್ಲಿ ಕಾಫಿ ಕುಡಿಯುತ್ತಾನೆ ಎಂಬುದು ಅವರ ಗುಮಾನಿ.

ಮಾಪಕದ ಸುತ್ತ ಮೊಳಕಾಲುದ್ದದ ಹುಲ್ಲು. ಅದರ ತುಂಬ ಇಂಬಳ, ರಕ್ತ ಹೀರುವ ಜಿಗಣೆ. ಎಷ್ಟು ಬೇಗ ಓದಿ ಬಂದರೂ ಕಾಲಿಗೆ ನಾಲ್ಕೈದು ಹತ್ತಿರುತ್ತಿದ್ದವು. ವಾಪಸು ಬಂದು ಜಗಲಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತರೆ ಅಪ್ಪ ಎಡಗೈಯ ಬೆರಳಿಗೆ ಸುಣ್ಣ ಹಚ್ಚಿಕೊಂಡು, ಬಗ್ಗಿ, ಒಂದೊಂದಕ್ಕೂ ಮುಟ್ಟಿಸುತ್ತಿದ್ದರು. ಇಂಬಳ ಸುರುಟಿಕೊಂಡು ಬೀಳುತ್ತಿತ್ತು. ಅವರು ಎಣಿಸುತ್ತಿದ್ದರು. ಆಮೇಲೆ ಪುಸ್ತಕ ತೆಗೆದು ನಾನು ಬರೆದದ್ದನ್ನು ಓದುತ್ತಿದ್ದರು. ಒಂದು ಇಂಚು ಎಂಬತ್ತು. ಮೂರು ಇಂಚು ಐದು. ಹೂಂ ಎನ್ನುತ್ತಿದ್ದರು. ದಿನದಲ್ಲಿ ಅವರು ಯಾರಿಗಾದರೂ ಏನಾದರೂ ಮಾಡಿಕೊಡುತ್ತಿದ್ದದ್ದು ಅದೊಂದೇ. ಮಧ್ಯಾಹ್ನ ಆಳುಗಳ ಲೈನ್ ಮನೆಯಿಂದ ಒಬ್ಬ ಹೆಂಗಸು ಬಂದು ಅಡುಗೆ ಮಾಡಿ, ಅವರಿಗೆ ಬಡಿಸಿ ಹೋಗುತ್ತಿದ್ದಳು. ತಟ್ಟೆ ಹಿಡಿದುಕೊಳ್ಳುವುದೂ ಅವಳೇ.

ಹೀಗೆ ಐದು ವಾರ ನಡೆಯಿತು.

ಜುಲೈಯ ಒಂದು ಭಾನುವಾರ ಪರೀಕ್ಷೆಯ ಕೆಲಸವಿತ್ತು. ಬೆಳಿಗ್ಗೆ ಓದಿ ಬಂದು, ಬಸ್ಸು ಹತ್ತಿ, ಸಂಜೆ ಮನೆಗೆ ಬಂದೆ. ಭಾನುವಾರ ಅಡುಗೆಯ ಹೆಂಗಸು ಬರುವುದಿಲ್ಲ. ಅಪ್ಪನಿಗೆ ಬುತ್ತಿ ಕಟ್ಟಿಟ್ಟು ಹೋಗಿದ್ದೆ. ಅವರು ಅರ್ಧ ತಿಂದು ಮಲಗಿದ್ದರು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದೆ. ಇರಲಿಲ್ಲ. ಏನಾಯಿತೆಂದು ಕೇಳಿದ್ದಕ್ಕೆ ಏನಿಲ್ಲ ಎಂದರು. ನಾನೂ ಬಿಟ್ಟೆ.

ಸೋಮವಾರ ಏಳುವುದು ತಡವಾಯಿತು. ಗೋಡೆಯ ಗೆರೆ ನೋಡಲಿಲ್ಲ. ಆ ಐದು ವಾರದಲ್ಲಿ ನೋಡದಿದ್ದ ದಿನ ಅದೊಂದೇ. ಗಟ್ಟಿ ರಸ್ತೆಯ ಮೇಲೆ ಸೈಕಲ್ಲು ಹಗುರವಾಗಿ ಓಡಿತು. ಅದನ್ನು ಗಮನಿಸಿದೆ, ಈಗ ಮಳೆ ನಿಂತಿದೆಯಲ್ಲ ಅದಕ್ಕೇ ಎಂದುಕೊಂಡೆ. ಕುಸಿದ ಮಣ್ಣಿಗೆ ಇಳಿದು ಹತ್ತು ಮಾರು ಹೋಗುವಷ್ಟರಲ್ಲಿ ಮುಂದಿನ ಚಕ್ರ ಕೊರೆದುಕೊಂಡು ನಿಂತಿತು, ಹಿಂದಿನದು ಪಕ್ಕಕ್ಕೆ ಹೋಯಿತು. ನಾನು ಬಲಗೈ ಊರಿದೆ. ಬೆನ್ನಿನ ಚೀಲದಲ್ಲಿ ಗಾಜು ಒಡೆದ ಸದ್ದು ಕೇಳಿತು. ಸದ್ದು ಬಹಳ ಸಣ್ಣದು.

ಕೆಸರಿನಲ್ಲಿ ಕೂತುಕೊಂಡೇ ಎಡಗೈಯಿಂದ ಟೈರು ಒತ್ತಿ ನೋಡಿದೆ. ಹೆಬ್ಬೆರಳು ಒಂದಿಷ್ಟೂ ಇಳಿಯಲಿಲ್ಲ. ಕಲ್ಲು ಒತ್ತಿದ ಹಾಗೆ.

ಅಂಗಡಿಯವನು ಮನೆಗೆ ಬಂದಿದ್ದನೇ, ಯಾರಾದರೂ ಹುಡುಗಾಟ ಮಾಡಿದರೇ ಎಂದೆಲ್ಲ ಯೋಚಿಸಿದೆ. ಅಪ್ಪನ ಹೆಸರು ಮನಸ್ಸಿಗೆ ಬರಲಿಲ್ಲ. ಅವರು ಎದ್ದು ನಿಲ್ಲಲಾರರು ಎಂದು ನಾನು ಅಷ್ಟು ಪೂರ್ತಿಯಾಗಿ ನಂಬಿಬಿಟ್ಟಿದ್ದೆ.

ಮಣಿಕಟ್ಟು ಊದಿಕೊಳ್ಳುತ್ತಿತ್ತು. ಮೇಲೆ ಹೋದರೂ ಅಳೆಯಲು ಗಾಜಿರಲಿಲ್ಲ. ಕ್ಯಾನನ್ನೇ ಕೆಳಗೆ ತರಬಹುದಿತ್ತು, ಹೊಸ ಗಾಜು ಬಂದ ಮೇಲೆ ಅಳೆಯಬಹುದಿತ್ತು. ಇದು ನನಗೆ ಹೊಳೆದದ್ದು ಮರುದಿನ. ಆ ಹೊತ್ತಿಗೆ ಹೊಳೆದದ್ದು ಫೋನು. ಸುತ್ತಲಿನ ತೋಟದವರು ದಿನಾ ಬೆಳಿಗ್ಗೆ ತಮ್ಮ ತಮ್ಮ ಮಳೆಯನ್ನು ಒಂದು ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರೆ. ಪಕ್ಕದ ತೋಟದವರು ಎರಡು ಇಂಚು ಹತ್ತು ಎಂದು ಹಾಕಿದ್ದರು. ನಮ್ಮ ಬಯಲಿನಲ್ಲಿ ಯಾವಾಗಲೂ ಅವರಿಗಿಂತ ಹತ್ತರಲ್ಲೊಂದು ಪಾಲು ಹೆಚ್ಚು. ಐದು ವಾರದ ಅಂಕಿಗಳು ನನಗೆ ಬಾಯಿಪಾಠವಾಗಿದ್ದವು. ಲೆಕ್ಕ ಹಾಕಿದೆ. ನೋಯುವ ಕೈಯಿಂದಲೇ, ಸೈಕಲ್ಲಿನ ಸೀಟಿನ ಮೇಲೆ ಪುಸ್ತಕವಿಟ್ಟು ಬರೆದೆ: ಎರಡು ಇಂಚು ಮೂವತ್ತೊಂದು. ಪ್ರಯೋಗಾಲಯದಲ್ಲಿ ಯಾವ ವಿದ್ಯಾರ್ಥಿಯಾದರೂ ಹೀಗೆ ಬರೆದಿದ್ದರೆ ನಾನು ಹಾಳೆ ಹರಿದುಹಾಕಿಸುತ್ತಿದ್ದೆ.

ಮನೆಗೆ ಬಂದಾಗ ಅಪ್ಪ ನನ್ನ ಕೈ ನೋಡಿದರು, ಬಟ್ಟೆ ನೋಡಿದರು. ಬರುವಾಗ ಬಿದ್ದೆ ಎಂದೆ. ಗಾಜು ಒಡೆಯಿತು, ಓದಿದ ಮೇಲೆ ಒಡೆದದ್ದು ಎಂದೆ. ಆಸ್ಪತ್ರೆಗೆ ಹೋಗಬೇಕು ಎಂದೆ. ಒಂದೇ ಉಸಿರಿಗೆ ಅಷ್ಟು ಮಾತು ನಾನು ಆಡುವವಳಲ್ಲ.

"ಕಾಲು ತೋರ್ಸು," ಎಂದರು.

ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದೆ. ಅವರು ಸುಣ್ಣದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಗ್ಗಿ ನೋಡಿದರು. ಎಡಗಾಲು, ಬಲಗಾಲು. ಪ್ಯಾಂಟಿನ ಅಂಚನ್ನು ತಾವೇ ಎತ್ತಿ ನೋಡಿದರು. ಕೆಂಪು ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

"ಒಂದ್ ಇಂಬಳಾನೂ ಇಲ್ವಲ್ಲ ಮಗಾ."

ಅವರು ಪುಸ್ತಕಕ್ಕೆ ಕೈ ಚಾಚಿದರು, ಆಮೇಲೆ ಪೆನ್ನಿಗೆ. ಸ್ಟ್ರೋಕ್ ಆದ ಮೇಲೆ ಅವರು ಪೆನ್ನು ಹಿಡಿದಿರಲಿಲ್ಲ. ಪುಸ್ತಕವನ್ನು ಮೊಳಕಾಲ ಮೇಲಿಟ್ಟು, ಜಾರದಂತೆ ಬಲಗೈಯನ್ನು ಎಡಗೈಯಿಂದ ಎತ್ತಿ ಅದರ ಮೇಲೆ ಭಾರಕ್ಕಿಟ್ಟು, ಎಡಗೈಯಲ್ಲಿ ನನ್ನ ಅಂಕಿಯ ಮೇಲೆ ಒಂದು ಗೀಟು ಎಳೆದರು. ಅದರ ಪಕ್ಕದಲ್ಲಿ ಬರೆದರು. ಎರಡೇ ಅಕ್ಷರ. ಬರೆಯಲು ಬಹಳ ಹೊತ್ತು ಹಿಡಿಯಿತು. "ಇಲ್ಲ" ಎಂದು.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಿರುತ್ತಿದ್ದೆನೇನೋ. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಕಡೆ ವಾಲಿ ಟೈರಿನ ಮೇಲೆ ಹೆಬ್ಬೆರಳು ಒತ್ತಿದರು.

"ಗಾಳಿ ಗಟ್ಟಿಯಾಗೇ ಐತೆ," ಎಂದರು. "ಆದ್ರೂ ಹೆಂಗ್ ಜಾರ್ತು?"

ಆಗ ನನಗೆ ಅರ್ಥವಾಯಿತು. ಅಪ್ಪ ಆರೋಗ್ಯವಾಗಿದ್ದಾಗ ಬೈಕಿನಲ್ಲಿ ತೋಟ ಸುತ್ತುತ್ತಿದ್ದರು. ಹೊರಡುವ ಮೊದಲು ಎರಡೂ ಟೈರು ಒತ್ತಿ ನೋಡುವುದು ಅವರ ಅಭ್ಯಾಸ. ಆ ಬೈಕಿನ ಪಂಪು ಇನ್ನೂ ಜಗಲಿಯ ಮೊಳೆಗೆ ತೂಗುಹಾಕಿತ್ತು. ಈ ಸೈಕಲ್ಲಿಗೂ ಬೈಕಿನಂಥದ್ದೇ ವಾಲ್ವು. ನಾನು ಮೆತ್ತಗಿನ ಟೈರಿನಲ್ಲಿ ದಿನಾ ಹೋಗುವುದನ್ನು ಐದು ವಾರ ನೋಡಿ, ಮಗಳಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದರು. ಭಾನುವಾರ ಗೋಡೆ ಹಿಡಿದು ಎದ್ದಿದ್ದರು.

ಮಣ್ಣೇ ಜಾರಿತು ಎಂದೆ. ಅವರು ತಲೆಯಾಡಿಸಿದರು.

ಮಣಿಕಟ್ಟಿನ ಮೂಳೆ ಬಿರಿದಿತ್ತು. ಆರು ವಾರ ಪ್ಲಾಸ್ಟರು. ಕ್ಯಾನಿನ ವಿಷಯ ಹೊಳೆದು ಮರುದಿನ ಹೇಳಿದಾಗ ಅಪ್ಪ ಬೇಡ ಎಂದರು. ಎರಡು ದಿನದ ನೀರು ಒಂದಾಗಿರುತ್ತದೆ, ಅದನ್ನು ಯಾವ ದಿನಕ್ಕೆ ಬರೆಯುತ್ತೀ ಎಂದು ಕೇಳಿದರು. ಹೊಸ ಗಾಜು ಬಂದ ಮೇಲೂ ಬೇರೆಯವರನ್ನು ಕಳಿಸಲು ಒಪ್ಪಲಿಲ್ಲ. ಮೊದಲ ವಾರ ದಿನಾ ಬೆಳಿಗ್ಗೆ ಪುಸ್ತಕ ತೆಗೆದು ಎಡಗೈಯಲ್ಲಿ ಆ ಎರಡು ಅಕ್ಷರ ಬರೆದರು. ಆಮೇಲೆ ಅದನ್ನೂ ಬಿಟ್ಟರು. ಕೈಕಾಲಿಗೆ ಕಸರತ್ತು ಮಾಡಿಸಲು ಬರುತ್ತಿದ್ದವನಿಗೆ ಇನ್ನು ಬರಬೇಡ ಎಂದು ಹೇಳಿಸಿದರು. ದೀಪಾವಳಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಆಗಸ್ಟ್ ಕೊನೆಯಲ್ಲಿ ಮಳೆ ಸ್ವಲ್ಪ ಬಿಟ್ಟು, ಯಂತ್ರ ಬಂದು ರಸ್ತೆ ಬಿಡಿಸಿತು. ಹೋಮ್‌ಸ್ಟೇಗೆ ಜನ ಬರುತ್ತಾರೆ, ಸೈಕಲ್ಲು ಬೇಕು ಎಂದು ಅಮ್ಮಾವ್ರು ಹೇಳಿಕಳಿಸಿದರು. ನಿಂತಲ್ಲೇ ನಿಂತು ಟೈರುಗಳು ಗಾಳಿ ಇಳಿದು ಚಪ್ಪಟೆಯಾಗಿದ್ದವು. ಹಾಗೆ ಕೊಡುವುದು ಸರಿಯಲ್ಲ ಎಂದು ಪಂಪು ಇಳಿಸಿದೆ. ಪ್ಲಾಸ್ಟರು ಇನ್ನೂ ಇತ್ತು. ಎಡಗೈಯೊಂದೇ. ಹಿಡಿಯ ಮೇಲೆ ಎದೆಯ ಭಾರ ಹಾಕಿ ಒತ್ತಬೇಕು, ಮತ್ತೆ ಎತ್ತಬೇಕು. ದಪ್ಪ ಟೈರಿಗೆ ಗಾಳಿ ಬಹಳ ಹಿಡಿಯುತ್ತದೆ. ನಾನು ಎಣಿಸಿದೆ. ಎಣಿಸುವುದು ನನ್ನ ಅಭ್ಯಾಸ. ಮುಂದಿನದಕ್ಕೆ ಇನ್ನೂರ ಅರವತ್ತು ದಾಟಿತು. ನನ್ನ ಎರಡೂ ಕಾಲು ಸರಿಯಾಗಿದ್ದವು, ನಡುವೆ ನಾಲ್ಕು ಸಲ ನಿಂತು ಉಸಿರು ತೆಗೆದುಕೊಂಡಿದ್ದೆ. ಹಿಂದಿನದು ಇನ್ನೂ ಬಾಕಿ ಇತ್ತು. ಅಪ್ಪ ಕುರ್ಚಿಯಿಂದ ನೋಡುತ್ತಿದ್ದರು. ಅವರ ಕಡೆ ತಿರುಗಲು ನನಗೆ ಆಗಲಿಲ್ಲ.

ಸೈಕಲ್ಲು ಒಯ್ಯಲು ಪಿಕಪ್ಪಿನ ಜೊತೆ ಹೆತ್ತೂರಿನ ಪಂಚರ್ ಅಂಗಡಿಯವನೇ ಬಂದಿದ್ದ. ಸರ್ವಿಸ್ ಮಾಡಿಕೊಡಲು ಅಮ್ಮಾವ್ರು ಹೇಳಿದ್ದರಂತೆ. ಇಳಿದವನೇ ಟೈರು ತಟ್ಟಿ, ಅಪ್ಪನ ಕಡೆ ತಿರುಗಿ ನಕ್ಕ.

"ನೋಡಿ ರೈಟರ್ರೇ, ಇದಕ್ಕೆ ಗಾಳಿ ಕಮ್ಮಿ ಇದ್ರೇನೇ ಕೆಸರಲ್ಲಿ ಹಿಡಿತ ಅಂತೆ. ಗಟ್ಟಿ ಮಾಡಿದ್ರೆ ಜಾರಿ ಬಿದ್ದೋಗ್ತಾರಂತೆ. ನಿಮ್ಮ ಮಗಳು ನಮ್ ಅಂಗ್ಡೀಲಿ ಒಂದ್ ಗಂಟೆ ಪಾಠ ಮಾಡ್ಬುಟ್ರು. ನಾನು ಇಪ್ಪತ್ ವರ್ಷದಿಂದ ಗಾಳಿ ಹೊಡೀತಿದೀನಿ, ನಂಗೇ ಗೊತ್ತಿರ್ಲಿಲ್ಲ ಮಾರಾಯ್ರೆ."

ಅಪ್ಪ ಅವನ ಮುಖವನ್ನೇ ನೋಡುತ್ತಾ ಪೂರ್ತಿ ಕೇಳಿದರು. ಹೌದಾ ಎಂದರು. ಕಾಫಿ ಕುಡಿದು ಹೋಗು ಎಂದೂ ಹೇಳಿದರು. ಅವನು ಕುಡಿದ. ಸೈಕಲ್ಲನ್ನು ಪಿಕಪ್ಪಿಗೆ ಏರಿಸಿ ಹಗ್ಗ ಕಟ್ಟಿಕೊಂಡು ಹೋದ.

ನಾನು ಲೋಟಗಳನ್ನು ಒಳಗಿಟ್ಟು ಬಂದೆ. ಪಂಪು ನೆಲದ ಮೇಲೇ ಬಿದ್ದಿತ್ತು. ಅದನ್ನು ಮೊಳೆಗೆ ಹಾಕಲು ಗೋಡೆಯ ಹತ್ತಿರ ಹೋದಾಗ ಅಪ್ಪ ಮಾತಾಡಿದರು. ನನ್ನ ಕಡೆ ನೋಡುತ್ತಿರಲಿಲ್ಲ. ಸೈಕಲ್ಲು ಇದ್ದ ಜಾಗವನ್ನು ನೋಡುತ್ತಿದ್ದರು. ಅಲ್ಲಿ ಸೀಮೆಸುಣ್ಣದ ಎರಡು ಗೆರೆಗಳು ತೇವಕ್ಕೆ ಮಾಸಿದ್ದರೂ ಇನ್ನೂ ಕಾಣುತ್ತಿದ್ದವು.

"ಅವತ್ತೇ ಕೇಳಿದ್ದೆ ಕಣವ್ವ," ಎಂದರು. "ಈ ಗೆರೆ ಏನು ಅಂತ."

ಒಳಗಿನಿಂದ ಕೈಪಿಡಿ ತಂದು ಮೆಟ್ಟಿಲ ಮೇಲೆ ಕೂತೆ. ಹಿಮದ ಎರಡು ಪುಟಗಳನ್ನು ಕನ್ನಡದಲ್ಲಿ, ಒಂದು ಸಾಲೂ ಬಿಡದೆ ಹೇಳಿದೆ. ಮುಗಿದ ಮೇಲೆ ಅಪ್ಪ ಕೈಪಿಡಿ ತೆಗೆದುಕೊಂಡು ಆ ಬಿಳಿಯ ಚಿತ್ರವನ್ನು ತುಂಬ ಹೊತ್ತು ನೋಡಿದರು. ನಾನು ಕಾಲು ಚಾಚಿಕೊಂಡು ಅಲ್ಲೇ ಕೂತಿದ್ದೆ. ಅವರು ಎಡಗೈ ಕೆಳಗೆ ತಂದು ನನ್ನ ಪ್ಯಾಂಟಿನ ಅಂಚು ಎತ್ತಿ, ಅಭ್ಯಾಸದಂತೆ ನೋಡಿ, ಇಳಿಸಿದರು.